ಬೆರಳು ಕಳೆದುಕೊಂಡವನ ಗಿಟಾರು



ಯಂತ್ರದ ಬಾಯಿಗೆ ಬೆರಳು ಸಿಕ್ಕರೆ ಏನಾಗುವುದೆಂದು ಗಿರಣಿಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1965ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಟೋನಿ ಅಯೋಮಿ ಎಂಬ 17ರ ಹುಡುಗ ತಗಡಿನ ಕಾರ್ಖಾನೆಯಲ್ಲಿದ್ದ. ಗಿಟಾರನ್ನೇ ನಂಬಿ ಕೆಲಸ ಬಿಟ್ಟಿದ್ದ. ಅಂದೇ ಕೊನೆಯ ದಿನ. ಊಟಕ್ಕೆ ಬಂದವನು ಮತ್ತೆ ಹೋಗಲೊಲ್ಲೆನೆಂದ. ತಾಯಿ ಒತ್ತಾಯಿಸಿ ಕಳಿಸಿದಳು. ಯಂತ್ರ ಬಲಗೈಯ ಎರಡು ಬೆರಳ ತುದಿ ಕಿತ್ತುಕೊಂಡಿತು. ಅವನು ಎಡಚ, ತಂತಿ ಒತ್ತುವ ಕೈಯೇ ಅದು.

ಮೇಸ್ತ್ರಿ ಜ್ಯಾಂಗೋ ರೈನ್‌ಹಾರ್ಟನ ರೆಕಾರ್ಡು ತಂದು ಕೇಳಿಸಿದ. ಬೆಂಕಿಯಲ್ಲಿ ಎರಡು ಬೆರಳು ಸೆಟೆದರೂ ಲೋಕವನ್ನೇ ಗೆದ್ದ ಗಿಟಾರುಗಾರ ಅವನು! ಟೋನಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿ, ತೊಗಲು ಅಂಟಿಸಿದ. ನೋವು ತಡೆಯಲು ಬ್ಯಾಂಜೋದ ತೆಳು ತಂತಿ ಕಟ್ಟಿದ. ಮುಂದೆ ಶ್ರುತಿಯನ್ನೂ ಇಳಿಸಿದ. 'ಬ್ಲ್ಯಾಕ್ ಸಬ್ಬತ್' ತಂಡದ ಆ ಭಾರವಾದ ಗುಡುಗಿಗೆ ಇದೂ ಒಂದು ಕಾರಣ.

1968ರಲ್ಲಿ ಕೂಡಿದ ನಾಲ್ವರಲ್ಲಿ ಹಾಡುಗಾರ ಓಝಿ ಆಸ್ಬೋರ್ನ್ ಕಸಾಯಿಖಾನೆಯಲ್ಲಿ ದುಡಿದವನು. ಗೀಝರ್ ಬಟ್ಲರ್ ಲೆಕ್ಕಪತ್ರ ಕಲಿಯುತ್ತಿದ್ದವನು, ನಮ್ಮ ಗುಮಾಸ್ತರ ಕುಲದವನೇ ಎನ್ನಿ! ಡ್ರಮ್ಮಿಗೆ ಬಿಲ್ ವಾರ್ಡ್. ಮೊದಲ ರೆಕಾರ್ಡು 1970ರಲ್ಲಿ ಬಂತು. ನನಗದು ಮೊದಲು ಬರೀ ಗದ್ದಲವೆನಿಸಿತು. ಎರಡನೆಯ ಸಲ ಮಗ್ಗದ ಖಾತೆ ನೆನಪಾಯಿತು.

2025ರ ಜುಲೈ 5ರಂದು ಆ ನಾಲ್ವರೂ ಹುಟ್ಟೂರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಯ ಕಚೇರಿ ನಡೆಸಿದರು. ಓಝಿ ಕುಳಿತೇ ಹಾಡಿದ; 17 ದಿನಗಳ ಮೇಲೆ ತೀರಿಕೊಂಡ. ಟೋನಿಯ ಬೆರಳಿಗೆ ಅಂದೂ ಟೋಪಿಗಳಿದ್ದವು.