ಚೌಕಮನೆಯ ರಣರಂಗ



ಚೌಕಾಬಾರದ ಹಾಸಿನ ಮೇಲೆ ಗೆರೆ ಎಳೆದು ಮಾಡಿಕೊಂಡ ಒಂದೊಂದು ಚೌಕಕ್ಕೂ ಕನ್ನಡದಲ್ಲಿ ‘ಮನೆ’ ಎಂದು ಹೆಸರು. ಕಾಯಿ ಮನೆಯಿಂದ ಮನೆಗೆ ನಡೆಯುತ್ತದೆ. ಕಟ್ಟೆಯಲ್ಲಿ ನಿರ್ಭಯವಾಗಿ ಕೂರುತ್ತದೆ. ನಟ್ಟನಡುವಿನ ಮನೆಯನ್ನು ಸೇರಿ ಹಣ್ಣಾಗುತ್ತದೆ. ಇಂಗ್ಲಿಷಿನವರು ಇದೇ ವಸ್ತುವನ್ನು ‘ಸ್ಕ್ವೇರ್’ ಎಂದು ಕರೆದು ಸುಮ್ಮನಾದರು. ನಾನು ಈ ಹೊತ್ತು ಪ್ರಸ್ತಾಪಿಸಹೊರಟಿರುವುದೂ ಮನೆಗಳ ಆಟವನ್ನೇ. ಆದರೆ ಅಲ್ಲಿ ಹಾಸಿನ ಮೇಲೆ ನಡೆಯುವ ಕಾಯಿಗಳು ಕಿರುಬೆರಳಿಗಿಂತ ಚಿಕ್ಕವಾದ, ಬಣ್ಣ ಬಳಿದ ಸಿಪಾಯಿಗಳು, ರಾವುತರು, ಫಿರಂಗಿಗಳು. ಮನೆಗಳ ಮೇಲೆ ಕೂತಿರುವುದು ಗುಡ್ಡ, ತೋಪು, ರೈಲುದಾರಿ, ಮುಳ್ಳುತಂತಿಯ ಬೇಲಿ. ಕಾಲ, ಇಪ್ಪತ್ತನೆಯ ಶತಮಾನದ ಮೊದಲ ಇಪ್ಪತ್ತು ವರ್ಷಗಳು. ಪಶ್ಚಿಮದ ದೇಶಗಳಲ್ಲಿ ವಯಸ್ಸಾದವರು, ಸಂಸಾರವಂದಿಗರು, ಊಟದ ಮೇಜನ್ನು ತೆರವು ಮಾಡಿಕೊಂಡು ಸಂಜೆಯೆಲ್ಲ ಈ ಆಟದಲ್ಲಿ ಮಗ್ನರಾಗುವುದುಂಟು.

ಕನ್ನಡ ಮೇಷ್ಟರಿಗೆ ಇದೆಲ್ಲಿಯ ಗೊಡವೆ ಎಂದು ತಾವು ಕೇಳಬಹುದು. ಜೀವಮಾನವೆಲ್ಲ ತರಗತಿಯಲ್ಲಿ ನಿಂತು ಪಂಪನ ಯುದ್ಧಗಳನ್ನೂ ಕುಮಾರವ್ಯಾಸನ ಯುದ್ಧಪರ್ವಗಳನ್ನೂ ರಸವತ್ತಾಗಿ ಪಾಠ ಹೇಳಿ, ಗಂಟೆ ಹೊಡೆದೊಡನೆ ಸಂಬಳದ ಮನುಷ್ಯನಾಗಿ ಹೊರಗೆ ಬಂದವನು ನಾನು. ಯುದ್ಧವನ್ನು ಆಟವಾಗಿ ಆಡುವುದು ಸರಿಯೇ ಎಂಬ ಪ್ರಶ್ನೆ, ಅದನ್ನು ಕಾವ್ಯವಾಗಿ ಸವಿಯುವುದು ಸರಿಯೇ ಎಂಬ ಪ್ರಶ್ನೆಗೆ ತೀರ ದೂರದ ನೆಂಟನೇನೂ ಅಲ್ಲ.

ಯುದ್ಧವನ್ನು ಮನೆಗಳೊಳಗೆ ಇಳಿಸುವ ಬುದ್ಧಿ ಬಹು ಹಿಂದೆಯೇ ನಮ್ಮ ದೇಶದಲ್ಲಿ ಹೊಳೆಯಿತು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯ ಹೆಸರೇ ಚದುರಂಗದ ಹೆಸರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಅದಕ್ಕೂ ಸ್ಥಾನವಿದೆ. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್ಕಿನ ಹೆಲ್‌ವಿಗ್ ಎಂಬ ಗಣಿತದ ಉಪಾಧ್ಯಾಯನು ಚದುರಂಗದ ಅರವತ್ತನಾಲ್ಕು ಮನೆಗಳನ್ನು ಸಾವಿರದ ಆರುನೂರಕ್ಕೂ ಮೇಲಕ್ಕೆ ಬೆಳೆಸಿ, ಬೆಟ್ಟಕ್ಕೊಂದು ಬಣ್ಣ, ನೀರಿಗೊಂದು ಬಣ್ಣ ಎಂದು ಬಳಿದು, ಹಾಸನ್ನು ಒಂದು ನಾಡನ್ನಾಗಿ ಮಾಡಿದ. 1812ರಲ್ಲಿ ಪ್ರಷ್ಯದ ದೊರೆಗೆ ರೈಸ್‌ವಿಟ್ಸ್ ಎಂಬಾತ ಒಂದು ದೊಡ್ಡ ಮೇಜನ್ನೇ ಒಪ್ಪಿಸಿದ. ನೆಲದ ಉಬ್ಬುತಗ್ಗುಗಳನ್ನು ಚೌಕ ಬಿಲ್ಲೆಗಳಲ್ಲಿ ತಿದ್ದಿ, ಬೇಕಾದಂತೆ ಜೋಡಿಸಿಕೊಳ್ಳುವ ಏರ್ಪಾಡು ಅದರಲ್ಲಿತ್ತು. ಅವನ ಮಗ ಸೈನ್ಯದ ಅಧಿಕಾರಿ. ಅಪ್ಪ ಕಟ್ಟಿದ ಮನೆಗಳನ್ನು ಮಗ 1824ರಲ್ಲಿ ಅಳಿಸಿಹಾಕಿದ. ನಿಜವಾದ ನಕ್ಷೆಯನ್ನು ಹಾಸಿ, ಅಳತೆಗೋಲಿನಿಂದ ದೂರವನ್ನು ಅಳೆದು, ನಡುವೆ ಒಬ್ಬ ತೀರ್ಪುಗಾರನನ್ನು ಕೂರಿಸಿದ. ಎದುರಾಳಿಯ ಪಡೆ ಎಲ್ಲಿದೆಯೆಂಬುದು ತೀರ್ಪುಗಾರನಿಗೆ ಮಾತ್ರ ಗೊತ್ತು; ನಿಮ್ಮ ಸೈನಿಕರ ಕಣ್ಣಿಗೆ ಬೀಳುವಷ್ಟನ್ನು ಮಾತ್ರ ಅವನು ನಿಮಗೆ ತಿಳಿಸುತ್ತಾನೆ. ಈ ತೀರ್ಪುಗಾರನನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಅಂತೂ ಚೌಕಗಳೆಂದರೆ ಮಕ್ಕಳಾಟಿಕೆ, ಅಳತೆಗೋಲೆಂದರೆ ಶಾಸ್ತ್ರ ಎಂಬ ಭಾವನೆ ಅಂದಿನಿಂದ ನೆಲೆಯೂರಿತು.

ಆಟಿಕೆಯ ಸಿಪಾಯಿಗಳಿಗೆ ಶಾಸ್ತ್ರ ಬರೆದವನು ಸೈನಿಕನಲ್ಲ, ಸಾಹಿತಿ. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಟ್ಟ ಪುಸ್ತಕವನ್ನು ಪ್ರಕಟಿಸಿದ. ಬ್ರಿಟನ್ ಮನೆತನದ ಕಂಪನಿ 1893ರಿಂದ ಒಳಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ದು ಅಗ್ಗವಾಗಿ ಮಾರುತ್ತಿತ್ತು. ಸ್ಪ್ರಿಂಗಿನ ಬಲದಿಂದ ಸಣ್ಣ ಮರದ ತುಂಡೊಂದನ್ನು ಗುರಿಯಿಟ್ಟು ಹಾರಿಸುವ ಆಟಿಕೆಯ ಫಿರಂಗಿಯೂ ಅಂಗಡಿಗೆ ಬಂದಿತ್ತು. ಒಂದು ದಿನ ಊಟವಾದ ಮೇಲೆ ಗೆಳೆಯನೊಬ್ಬ ಆ ಫಿರಂಗಿಯಿಂದ ಸಿಪಾಯಿಯೊಬ್ಬನನ್ನು ಉರುಳಿಸಿದನಂತೆ. ನೀನೂ ಒಂದು ಕೈ ನೋಡು ಎಂದು ಮತ್ತೊಬ್ಬನನ್ನು ಕೆಣಕಿದನಂತೆ. ಅಲ್ಲಿಂದ ಈ ಆಟ ಬೆಳೆಯಿತು. ಪುಸ್ತಕಗಳನ್ನು ಪೇರಿಸಿದರೆ ಬೆಟ್ಟ, ಕಟ್ಟಿಗೆಯ ಇಟ್ಟಿಗೆಗಳನ್ನು ಜೋಡಿಸಿದರೆ ಹಳ್ಳಿ, ತೋಟದ ರೆಂಬೆಗಳನ್ನು ನೆಟ್ಟರೆ ಕಾಡು. ಕಾಲಾಳು ಒಂದು ಸರದಿಗೆ ಒಂದು ಅಡಿ ನಡೆಯಬೇಕು, ರಾವುತ ಎರಡು ಅಡಿ, ಅಳೆಯುವುದಕ್ಕೆ ದಾರ. ಕಾಲ ಮೀರದಂತೆ ಗಡಿಯಾರ. ನಲವತ್ತು ದಾಟಿದ, ಲೋಕಪ್ರಸಿದ್ಧನಾದ ಕಾದಂಬರಿಕಾರನೊಬ್ಬ ನೆಲದ ಮೇಲೆ ಅಂಬೆಗಾಲಿಟ್ಟು ಹರಿದಾಡುತ್ತ ಆಡುತ್ತಿದ್ದ ಆಟವಿದು.

ಆ ಪುಸ್ತಕದ ಕೊನೆಯಲ್ಲಿ ವೆಲ್ಸ್ ವಿನೋದವನ್ನು ಬದಿಗಿಟ್ಟು ಮಾತನಾಡುತ್ತಾನೆ. ಈ ಚಿಕ್ಕ ಯುದ್ಧವನ್ನು ಮೂರು ನಾಲ್ಕು ಬಾರಿ ಆಡಿದವನಿಗೆ ನಿಜವಾದ ಯುದ್ಧವೆಂಬುದು ಎಂಥ ಎಡವಟ್ಟಿನ ವ್ಯವಹಾರವೆಂಬುದು ತಾನಾಗಿ ಅರಿವಾಗುತ್ತದೆ ಎಂಬುದು ಅವನ ವಾದದ ತಿರುಳು. ನಮ್ಮ ಕವಿಗಳು ಕಂಡ ನಂಟು ಬೇರೆ. ಅಲ್ಲಿ ದ್ಯೂತಸಭೆಯ ಹಾಸಿನಿಂದ ಹೊರಟ ದಾರಿ ಕುರುಕ್ಷೇತ್ರದಲ್ಲಿ ಮುಗಿಯುತ್ತದೆ. ವೆಲ್ಸನಾದರೋ ಕುರುಕ್ಷೇತ್ರವನ್ನು ಹಿಡಿದು ತಂದು ಹಾಸಿನ ಮೇಲೆ ಕಟ್ಟಿಹಾಕಬಯಸಿದ. ಪುಸ್ತಕ ಬಂದ ಮರುವರ್ಷವೇ ಯೂರೋಪು ಹೊತ್ತಿಕೊಂಡಿತು. ಆಗ ಇದೇ ವೆಲ್ಸ್ ಆ ಮಹಾಯುದ್ಧವನ್ನು ಯುದ್ಧವನ್ನೇ ಕೊನೆಗಾಣಿಸುವ ಯುದ್ಧವೆಂದು ಸಮರ್ಥಿಸಿ ಬರೆದ. ಅವನನ್ನು ಹೀಯಾಳಿಸಲು ನಾನು ಈ ಮಾತು ಹೇಳುತ್ತಿಲ್ಲ. ಆ ಬೇಸಗೆಯಲ್ಲಿ ನೆಲೆ ತಪ್ಪದ ಪ್ರಾಜ್ಞರು ವಿರಳ. ಆದರೆ ಆಟವು ಯುದ್ಧಜ್ವರಕ್ಕೆ ಔಷಧವೆಂಬ ಮಾತನ್ನು, ಆ ವೈದ್ಯನ ಸ್ವಂತ ಚರಿತ್ರೆಯನ್ನು ನೋಡಿದ ಮೇಲೆ, ನಾನು ಪೂರ್ತಿಯಾಗಿ ನಂಬಲಾರೆ.

ದಾರದ ಅಳತೆಗೆ ಒಂದು ದೋಷವಿದೆ, ಜಗಳ. ಅರ್ಧ ಅಂಗುಲ ಹೆಚ್ಚಾಯಿತು, ಕಾಲು ಅಂಗುಲ ಕಡಿಮೆಯಾಯಿತು ಎಂದು ಸ್ನೇಹಿತರು ಮುನಿಸಿಕೊಳ್ಳುವುದಕ್ಕೆ ಅದರಲ್ಲಿ ವಿಪುಲ ಅವಕಾಶ. ಇದನ್ನು ಕಂಡೇ ಇರಬೇಕು, ಅಮೆರಿಕದ ಜೋಸೆಫ್ ಮಾರ್ಶಾಸರ್ ಚೌಕಗಳಿಗೆ ಮತ್ತೆ ಮರ್ಯಾದೆ ತಂದುಕೊಟ್ಟ. ಆ ಜಾಡಿನಲ್ಲಿ ಇಂಗ್ಲೆಂಡಿನ ಬಾಬ್ ಕಾರ್ಡರಿ 2017ರಲ್ಲಿ ‘ದಿ ಪೋರ್ಟಬಲ್ ವಾರ್‌ಗೇಮ್’ ಎಂಬ ಪುಸ್ತಕವನ್ನು ಹೊರತಂದರು. ಸಣ್ಣ ಮೇಜು, ಕೆಲವೇ ಕಾಯಿಗಳು, ಒಂದು ಸಂಜೆ, ಇಷ್ಟಿದ್ದರೆ ಸಾಕು. ಮೊದಲ ಮಹಾಯುದ್ಧದ ಕಾಲಕ್ಕೆಂದೇ ರಚಿತವಾದ ಇನ್ನೊಂದು ನಿಯಮಾವಳಿಯ ಹೆಸರು ‘ಸ್ಕ್ವೇರ್ ಬ್ಯಾಷಿಂಗ್’. ಬ್ರಿಟಿಷ್ ಸಿಪಾಯಿಗಳ ಆಡುನುಡಿಯಲ್ಲಿ ಇದಕ್ಕೆ ಕವಾಯತಿನ ಮೈದಾನವನ್ನು ಬೂಟುಗಾಲಿನಿಂದ ಕುಟ್ಟುವುದು ಎಂದರ್ಥ. ಆಟದವರು ಶ್ಲೇಷೆಯನ್ನು ಬಿಟ್ಟುಕೊಡಲಿಲ್ಲ.

ಆಡುವ ರೀತಿ ಸುಲಭ. ಒಂದು ಮನೆಯಲ್ಲಿ ಸಾಮಾನ್ಯವಾಗಿ ಒಂದು ಪಡೆ. ಕಾಲಾಳು ಸರದಿಗೆ ಒಂದೆರಡು ಮನೆ ನಡೆದರೆ ಕುದುರೆ ಮೂರು ಮನೆ. ಯಂತ್ರಬಂದೂಕಿನ ಗುಂಡು ಇಷ್ಟು ಮನೆ, ಫಿರಂಗಿಯ ಗುಂಡು ಅಷ್ಟು ಮನೆ ಎಂದು ನಿಗದಿ. ಗುರಿ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ತೋಪಿನಲ್ಲೋ ಕಂದಕದಲ್ಲೋ ಇದ್ದವನಿಗೆ ಗರ ಸ್ವಲ್ಪ ಕರುಣೆ ತೋರಬೇಕು. ಚೌಕಕ್ಕೂ ಒಂದು ಐಬು ಇಲ್ಲದಿಲ್ಲ. ಮೂಲೆಯಿಂದ ಮೂಲೆಗೆ ದಾಟಿದ ಕಾಯಿ ನೇರವಾಗಿ ನಡೆದ ಕಾಯಿಗಿಂತ ಸುಮಾರು 1.4 ಪಟ್ಟು ದೂರವನ್ನು ಪುಕ್ಕಟೆಯಾಗಿ ಕ್ರಮಿಸಿಬಿಡುತ್ತದೆ. ಅದಕ್ಕೆ ಪರಿಹಾರವಾಗಿ ಅಮೆರಿಕದ ಅವಲಾನ್ ಹಿಲ್ ಕಂಪನಿಯವರು 1961ರ ವೇಳೆಗೆ ತಮ್ಮ ಆಟಗಳ ನಕ್ಷೆಗೆ ಜೇನುಗೂಡಿನಂಥ ಆರು ಮೂಲೆಯ ಮನೆಗಳನ್ನು ಹಾಕಿದರು. ನನಗೆ ನಾಲ್ಕು ಮೂಲೆಯ ಮನೆಯೇ ಪ್ರಿಯ. ಇದು ಚೌಕಾಬಾರದ ಸಂಸ್ಕಾರವಿರಬಹುದು.

ಇಷ್ಟೆಲ್ಲ ಮನೆಗಳೊಳಗೆ ನಿಜವಾದ ಯುದ್ಧ ಎಲ್ಲಿ ಬಂತು, ಇದು ಬರಿಯ ಚದುರಂಗವಲ್ಲವೆ ಎಂದು ಕೇಳುವವರಿಗೆ ನಾನು ಒಂದು ಸಂಗತಿಯನ್ನು ನೆನಪಿಸುತ್ತೇನೆ. ಪಶ್ಚಿಮ ರಣರಂಗದಲ್ಲಿ ಬ್ರಿಟಿಷ್ ಸೈನ್ಯ ಬಳಸಿದ ಕಂದಕಗಳ ನಕ್ಷೆಗಳ ಮೇಲೆ ಚೌಕಗಳನ್ನೇ ಅಚ್ಚು ಹಾಕಿದ್ದರು. ದೊಡ್ಡ ಚೌಕವೊಂದು ಆರು ಸಾವಿರ ಗಜ, ಅದಕ್ಕೊಂದು ಅಕ್ಷರ. ಅದರೊಳಗೆ ಸಾವಿರ ಗಜದ ಚೌಕಗಳು, ಅವಕ್ಕೆ ಅಂಕಿ. ಪ್ರತಿಯೊಂದನ್ನೂ ನಾಲ್ಕಾಗಿ ಸೀಳಿ ಮತ್ತೆ ಅಕ್ಷರ. ಮೈಲಿಗಳಷ್ಟು ಹಿಂದೆ ನಿಂತ ಗೋಲಂದಾಜನಿಗೆ ಶತ್ರುವಿನ ಮುಖ ಕಾಣದು. ಅವನಿಗೆ ಬರುತ್ತಿದ್ದದ್ದು ಒಂದು ಅಕ್ಷರ, ಒಂದೆರಡು ಅಂಕಿ. ಅವನು ಗುಂಡು ಹಾಕುತ್ತಿದ್ದದ್ದು ಒಂದು ಮನೆಗೆ. ಆಟದವರು ಯುದ್ಧವನ್ನು ಸರಳಗೊಳಿಸಿ ಚೌಕದಲ್ಲಿ ಕೂರಿಸಿದರು ಎನ್ನುವ ಮೊದಲು, ಯುದ್ಧವೇ ತಾನಾಗಿ ಹೋಗಿ ಚೌಕದಲ್ಲಿ ಕೂತಿತ್ತು ಎಂಬುದನ್ನು ಒಪ್ಪಬೇಕಾಗುತ್ತದೆ. ಈ ಕಾಲದ ಯುದ್ಧಗಳಿಗೆ ಚೌಕದ ಹಾಸು ಅಷ್ಟು ಚೆನ್ನಾಗಿ ಒಗ್ಗುವುದಕ್ಕೆ ಕಾರಣ ಇದೇ ಎಂದು ನನ್ನ ಎಣಿಕೆ. ಸೇನಾಪತಿ ಏನನ್ನು ಕಾಣುತ್ತಿದ್ದನೋ ಅದನ್ನೇ ಆಟಗಾರನೂ ಕಾಣುತ್ತಾನೆ. ಮನೆಯೊಳಗೆ ಏನಿದೆಯೆಂಬುದು ಅದರೊಳಗೆ ಕಾಲಿಟ್ಟವನಿಗೆ ಮಾತ್ರ ಗೊತ್ತು.

ಇದು ನನಗೆ ಮನದಟ್ಟಾದದ್ದು ಹೈಫಾದ ಯುದ್ಧವನ್ನು ಆಡಿದಾಗ. ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದೆ. ಹದಿನಾಲ್ಕರ ಮೊಮ್ಮಗನಿಗೆ ಈ ಆಟದ ಗೀಳು. ಮೈಸೂರಿನ ಕುದುರೆ ಸೈನ್ಯ ಹೋರಾಡಿದ ಯುದ್ಧವೊಂದಿದೆ ಎಂದು ನಾನೇ ಅವನಿಗೆ ಹೇಳಿದ್ದು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಪಡೆಗಳು ತುರ್ಕರ ಮತ್ತು ಜರ್ಮನರ ವಶದಲ್ಲಿದ್ದ ಹೈಫಾ ಪಟ್ಟಣವನ್ನು ಕುದುರೆಯ ಮೇಲೆ ನುಗ್ಗಿ ಹಿಡಿದವು. ಅದರ ಸ್ಮಾರಕ ಬೆಂಗಳೂರಿನಲ್ಲಿದೆ. ದೆಹಲಿಯ ತೀನ್‌ಮೂರ್ತಿಯ ಮೂವರು ಯೋಧರು ಜೋಧಪುರ, ಹೈದರಾಬಾದ್, ಮೈಸೂರು ಸಂಸ್ಥಾನಗಳ ಪ್ರತೀಕ; 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಪಟ್ಟಣಕ್ಕೆ ಹೋಗುವ ಹಾದಿಯ ಎಡಕ್ಕೆ ಕಾರ್ಮೆಲ್ ಬೆಟ್ಟ, ಬಲಕ್ಕೆ ಕಿಶೋನ್ ನದಿ, ನಡುವೆ ಇಕ್ಕಟ್ಟಾದ ಬಯಲು. ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ಯಂತ್ರಬಂದೂಕುಗಳು. ಮೈಸೂರಿನ ರಾವುತರಲ್ಲಿ ಒಂದು ತಂಡ ಕಡಿದಾದ ದಾರಿ ಹಿಡಿದು ಬೆಟ್ಟದ ಮೇಲಿನ ಫಿರಂಗಿಗಳತ್ತ ಏರಿತು; ಜೋಧಪುರದವರು ಬಯಲಿನಲ್ಲಿ ನುಗ್ಗಿದರು. ನದಿಯ ದಂಡೆಯನ್ನು ಮುಟ್ಟಿದಾಗ, ಅದು ಕುದುರೆಯನ್ನು ನುಂಗುವ ಹುದುಲು ಮರಳೆಂದು ತಿಳಿಯಿತು. ಗುಂಡಿನ ಮಳೆಯ ನಡುವೆಯೇ ಅವರು ಎಡಕ್ಕೆ ತಿರುಗಿ ಬೆಟ್ಟದ ಬುಡಕ್ಕೆ ಹಾಯ್ದರು, ಯಂತ್ರಬಂದೂಕುಗಳನ್ನು ಹಿಡಿದರು, ಊರೊಳಕ್ಕೆ ಹೊಕ್ಕರು. ಸೆರೆ ಸಿಕ್ಕವರು 1350 ಮಂದಿ, ಫಿರಂಗಿಗಳು 17, ಯಂತ್ರಬಂದೂಕುಗಳು 11. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಜೋಧಪುರದ ಮೇಜರ್ ದಲ್‌ಪತ್ ಸಿಂಗ್ ಮಡಿದ. ಕುದುರೆಗಳು ಅರವತ್ತು ಸತ್ತವು.

ಉದ್ದಕ್ಕೆ ಎಂಟು, ಅಗಲಕ್ಕೆ ಆರು ಮನೆಗಳ ಹಾಸಿನ ಮೇಲೆ ಇದನ್ನೆಲ್ಲ ಹೂಡಿದೆವು. ಮೊಮ್ಮಗ ಜೋಧಪುರ, ಮೈಸೂರು; ನಾನು ತುರ್ಕ. ಮೊದಲ ಸರದಿಯಲ್ಲೇ ಅವನು ಕುದುರೆಗಳನ್ನು ಎಡಮಗ್ಗುಲಿಗೆ ಒತ್ತಿ ಬೆಟ್ಟದ ಬುಡದ ಸಾಲಿನಲ್ಲಿ ನಡೆಸಿದ. ನದಿಯ ಕಡೆಗೆ ಏಕೆ ಹೋಗಲಿಲ್ಲವೆಂದು ಕೇಳಿದೆ.

“ಅದು ಹುದುಲು ತಾತ. ಬಣ್ಣ ನೋಡಿದರೆ ಗೊತ್ತಾಗೋದಿಲ್ಲವೆ?”

ಗೊತ್ತಾಗುತ್ತದೆ. ಬಣ್ಣ ಹಚ್ಚಿದವನೇ ಅವನು. ಅಂದು ಮುಂದಿನ ಸಾಲಿನಲ್ಲಿದ್ದ ಸವಾರರಿಗೆ ಆ ನೆಲ ಬಣ್ಣ ತೋರಿಸಿರಲಿಲ್ಲ. ನಾವು ಎಷ್ಟು ಬಾರಿ ಆಡಿದರೂ ಅವನ ಕುದುರೆಗಳು ಹುದುಲಿಗೆ ಕಾಲಿಡುವುದಿಲ್ಲ. ಹೈಫಾದಲ್ಲಿ ನಡೆದ ಮುಖ್ಯ ಘಟನೆಯೇ ನಮ್ಮ ಹೈಫಾದಲ್ಲಿ ನಡೆಯುವುದಿಲ್ಲ. ಆಗ ನನಗೆ ಪ್ರಷ್ಯದ ಆ ತೀರ್ಪುಗಾರ ನೆನಪಾದ. ಮಗಳನ್ನು ಅಡಿಗೆಮನೆಯಿಂದ ಕರೆದು ಆ ಪದವಿಯಲ್ಲಿ ಕೂರಿಸಿದೆವು. ನದಿಯಂಚಿನ ಮನೆಗಳ ಮೇಲೆ ಅವಳು ಇಸ್ಪೀಟಿನ ಎಲೆಗಳನ್ನು ಮಗುಚಿಟ್ಟಳು: ಕಪ್ಪಾದರೆ ಹುದುಲು, ಕೆಂಪಾದರೆ ಗಟ್ಟಿನೆಲ. ಕುದುರೆ ಆ ಮನೆಗೆ ಕಾಲಿಟ್ಟ ಮೇಲೆಯೇ ಎಲೆಯನ್ನು ತಿರುಗಿಸಬೇಕು.

ಆಟದ ಗತಿಯೇ ಬದಲಾಯಿತು. ಒಂದು ಬಾರಿ ಎಲೆ ಕೆಂಪು ಬಂದು, ಅವನ ರಾವುತರು ನದಿಯಂಚಿನಲ್ಲೇ ಹಾಯ್ದು ನನ್ನ ಯಂತ್ರಬಂದೂಕುಗಳ ಬೆನ್ನಿಗೆ ಬಿದ್ದರು. ಯುದ್ಧ ಬೇಗ ಮುಗಿಯಿತು. ಇನ್ನೊಂದು ಬಾರಿ ಸಾಲಾಗಿ ಎರಡು ಕಪ್ಪು. ಮತ್ತೊಂದು ಬಾರಿ ಅವನು ಎಲೆಗಳ ಮುಂದೆ ಬಂದು ನಿಂತುಬಿಟ್ಟ. ಬಲಕ್ಕೆ ಹೋಗಲು ಹೆದರಿಕೆ. ಎಡಕ್ಕೆ ತಿರುಗಿದರೆ ಬೆಟ್ಟದ ಫಿರಂಗಿಗೆ ಮೈಯೊಡ್ಡಬೇಕು. ಮೂರು ಸರದಿ ಅಲ್ಲಿಯೇ ನಿಂತ. ನನ್ನ ದಾಳಗಳು ಅಷ್ಟರಲ್ಲಿ ತಮ್ಮ ಕೆಲಸ ಮಾಡಿದ್ದವು.

“ಅವರು ಹೀಗೆ ನಿಲ್ಲಲಿಲ್ಲವೆ?” ಎಂದ.

“ನಿಂತಿದ್ದರೆ ಇದೇ ಆಗುತ್ತಿತ್ತು” ಎಂದೆ.

ಲೆಕ್ಕದ ವಿಷಯ ಬಂದದ್ದು ಆಮೇಲೆ. ನಮ್ಮ ಹಾಸಿನಲ್ಲಿ ಒಂದು ರಾವುತನ ಕಾಯಿ ಸುಮಾರು ನೂರು ಸವಾರರಿಗೆ ಸಮ. ಸತ್ತವರೂ ಗಾಯಗೊಂಡವರೂ ಸೇರಿ ನಲವತ್ತೆರಡು. ಎಂದರೆ, ನಡೆದದ್ದು ನಡೆದಂತೆಯೇ ಹೈಫಾವನ್ನು ಆಡಿದರೆ ಒಂದು ಕಾಯಿಯನ್ನೂ ಹಾಸಿನಿಂದ ತೆಗೆಯುವ ಹಾಗಿಲ್ಲ. ಮೊಮ್ಮಗ ಸ್ವಲ್ಪ ಹೊತ್ತು ಮೇಜನ್ನು ನೋಡಿ, “ಹಾಗಾದರೆ ದಲ್‌ಪತ್ ಸಿಂಗ್ ಯಾವ ಕಾಯಿ ತಾತ?” ಎಂದು ಕೇಳಿದ. ಕಾಯಿಗಳೆಲ್ಲ ಒಂದೇ ಅಚ್ಚಿನವು. ಮಾರನೆಯ ದಿನ ದಳಪತಿಗೆಂದು ಬೇರೊಂದು ಕಾಯಿಯನ್ನು ಗೊತ್ತುಮಾಡಿದೆವು. ಅದು ನಿಂತಿರುವ ಮನೆಗೆ ಗುಂಡು ಬಿದ್ದಾಗಲೆಲ್ಲ ಅದಕ್ಕಾಗಿ ಪ್ರತ್ಯೇಕವಾಗಿ ಒಂದು ದಾಳ ಉರುಳಿಸಬೇಕು. ಒಂದು ಬಿದ್ದರೆ ಕಾಯಿಯನ್ನು ತೆಗೆಯಬೇಕು. ಕುದುರೆಗಳಿಗೆ ಇನ್ನೂ ಯಾವ ನಿಯಮವನ್ನೂ ಮಾಡಿಕೊಂಡಿಲ್ಲ.