ತುಂಗಭದ್ರೆಯೊಳಗಿನ ಕಲ್ಲುಕಂಬಗಳು

ಮಂಗಳೂರಿನ ಕುದ್ರೋಳಿಯ ಕಡೆಯವರಾದ ನಮಗೆ ಹೊಳೆಯೆಂದೊಡನೆ ನೆನಪಾಗುವುದು ದೋಣಿ. ಸುಲ್ತಾನ್ ಬತ್ತೇರಿಯ ಬಳಿ ಗುರುಪುರದ ಹೊಳೆಯು ಎಷ್ಟು ಅಗಲವಾಗಿ ಹರಡಿಕೊಂಡಿರುವುದೆಂದರೆ, ಅಲ್ಲಿ ಕಲ್ಲು ನೆಟ್ಟು ದಾಟುವ ಯೋಚನೆಯೇ ಯಾರಿಗೂ ಹುಟ್ಟಲಾರದು. ಅಂತಹ ನಾವು ಹಂಪೆಯಲ್ಲಿ ವಿಠಲ ದೇವಾಲಯವನ್ನು ನೋಡಿಕೊಂಡು, ಪುರಂದರ ಮಂಟಪವಿರುವ ನದೀತೀರಕ್ಕೆ ಇಳಿದಾಗ ಕಂಡ ನೋಟವು ವಿಸ್ಮಯವನ್ನೇ ತಂದಿತು. ತುಂಗಭದ್ರೆಯ ಪಾತ್ರದಲ್ಲಿ ಒರಟು ಕಣಶಿಲೆಯ ಕಂಬಗಳು ಎದುರುಬದುರಾಗಿ, ಸಾಲುಸಾಲಾಗಿ ನಿಂತಿದ್ದುವು. ವಿಜಯನಗರದ ಕಾಲದ ಸೇತುವೆಯೊಂದರ ಅವಶೇಷಗಳಿವು.

ಇದರಲ್ಲಿ ಕಮಾನಿನ ಚಾತುರ್ಯವಿಲ್ಲ. ಕಂಬಗಳ ಮೇಲೆ ಅಡ್ಡತೊಲೆ, ತೊಲೆಗಳ ಮೇಲೆ ಚಪ್ಪಡಿ. ದೇವಾಲಯದ ಮಂಟಪವನ್ನು ಕಟ್ಟುವ ಕ್ರಮವೇ ಇಲ್ಲಿ ನೀರಿಗಿಳಿದಿದೆ. ಕಲ್ಲು ಮೇಲಿನ ಭಾರವನ್ನು ಚೆನ್ನಾಗಿ ತಾಳುತ್ತದೆ. ಆದರೆ ಎರಡು ಆಧಾರಗಳ ನಡುವೆ ಉದ್ದವಾಗಿ ಮಲಗಿಸಿದರೆ ಬೇಗನೆ ಬಿರಿಯುತ್ತದೆ. ಆದುದರಿಂದ ಕಂಬಗಳನ್ನು ಒತ್ತೊತ್ತಾಗಿ ನೆಡಬೇಕಾಯಿತು. ಪ್ರವಾಹದಲ್ಲಿ ಬರುವ ಮರಮಟ್ಟುಗಳು ಸಿಕ್ಕಿಕೊಳ್ಳುವುದೂ ಇಂತಹ ಕಿರಿದಾದ ಕಂಡಿಗಳಲ್ಲಿಯೇ. ಬಂಡಿಗಳಿಗಿಂತ ಕಾಲ್ನಡೆಯವರಿಗೆ ಇದು ಹೆಚ್ಚು ಉಪಯುಕ್ತವಾಗಿದ್ದಿರಬೇಕೆಂದು ನಮ್ಮ ಊಹೆ.

ಸೇತುವೆಯು ಎಷ್ಟು ಕಾಲ ಬಳಕೆಯಲ್ಲಿದ್ದಿತು? ಸುಮಾರು 1520ರಲ್ಲಿ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಆನೆಗೊಂದಿಗೆ ಜನರು ದಾಟುತ್ತಿದ್ದ ಬಗೆಯನ್ನು ವಿವರಿಸಿದ್ದಾನೆ. ಬುಟ್ಟಿಯಂತೆ ದುಂಡಗಿನ, ಒಳಗೆ ಬೆತ್ತ, ಹೊರಗೆ ಚರ್ಮವುಳ್ಳ ಹರಿಗೋಲುಗಳು. ಒಂದೊಂದರಲ್ಲಿ ಹದಿನೈದಿಪ್ಪತ್ತು ಜನ. ನೇರವಾಗಿ ಸಾಗಲಾರದೆ ಅವು ಸುತ್ತುತ್ತಲೇ ಇರುತ್ತವೆಯಂತೆ. ಅಲ್ಲಿ ಆತನು ಸೇತುವೆಯ ಮಾತನ್ನೇ ಎತ್ತುವುದಿಲ್ಲ. ಆ ವೇಳೆಗೆ ಅದು ಕೆಟ್ಟುಹೋಗಿದ್ದಿತೋ, ಅವನು ಬೇರೊಂದು ಕಡವಿನಲ್ಲಿ ದಾಟಿದನೋ! ಒಬ್ಬ ಪ್ರವಾಸಿಯ ಮೌನವನ್ನು ಪ್ರಮಾಣವೆಂದು ಎಣಿಸಲು ನಮಗೆ ಧೈರ್ಯವಿಲ್ಲ.

ದಾಟುವವರ ಕಷ್ಟವಾದರೋ ನಮ್ಮ ಕಾಲದವರೆಗೂ ಉಳಿಯಿತು. ತಳವಾರಘಟ್ಟದಿಂದ ಆನೆಗೊಂದಿಗೆ ಹೊಸ ಸೇತುವೆಯನ್ನು ಕಟ್ಟತೊಡಗಿದಾಗ, 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದ ಹಂಪೆಯು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಸಾಲಿಗೆ ಸೇರಿತು. 2006ರಲ್ಲಿ ಆ ಕಳಂಕ ಕಳೆಯಿತು. ಮುಗಿಯದಿದ್ದ ಆ ಸೇತುವೆಯೇ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಹಳೆಯ ನೋಟವು ಕೆಡಬಾರದೆಂಬ ವಾದವು ನ್ಯಾಯವಾದುದೇ. ಆದರೆ ಆಸ್ಪತ್ರೆಗೂ ಸಂತೆಗೂ ಹೊಳೆಯನ್ನು ದಾಟಲೇಬೇಕಾದ ಹಳ್ಳಿಗರ ಬೇಡಿಕೆಯನ್ನು ಅದಕ್ಕಿಂತ ಕಡಿಮೆಯೆಂದು ನಾವು ಹೇಳಲಾರೆವು.

ಈ ಕಂಬಗಳನ್ನು ನೋಡಬಯಸುವವರು ಬೇಸಗೆಯಲ್ಲಿ ಹೋಗುವುದು ಲೇಸು. ಮಳೆಗಾಲದಲ್ಲಿ ಮೇಲಿನ ಜಲಾಶಯದಿಂದ ನೀರನ್ನು ಹೆಚ್ಚಾಗಿ ಬಿಟ್ಟಾಗ ಪುರಂದರ ಮಂಟಪವೇ ಮುಳುಗುವುದುಂಟು.