ಮರ ಕಡಿದರೆ ಕಟ್ಟಡವೂ ಏಳದು



ಕಾಡು ಉಳಿಸುವವರು ಕೂಲಿಕಾರರ ಅನ್ನ ಕಸಿಯುತ್ತಾರೆಂಬ ಆರೋಪ ನಮಗೆ ಹೊಸದಲ್ಲ. ಕೂಲಿಕಾರರೇ ಕಾಡಿನ ಪರ ನಿಂತ ಒಂದು ಪ್ರಸಂಗವನ್ನು ಇಂದು ಹೇಳಬಯಸುತ್ತೇನೆ. ಅದರ ಮುಂದಾಳು ಆಸ್ಟ್ರೇಲಿಯಾದ ಜ್ಯಾಕ್ ಮಂಡಿ. (ಹೆಸರಿಗೂ ನಮ್ಮ ಅಡಿಕೆ ಮಂಡಿಗೂ ಸಂಬಂಧವಿಲ್ಲ!)

1929ರಲ್ಲಿ ಕ್ವೀನ್ಸ್‌ಲ್ಯಾಂಡಿನ ಮಲಾಂಡಾ ಎಂಬ ಗುಡ್ಡಸೀಮೆಯ ಊರಿನಲ್ಲಿ ಜನಿಸಿದ ಅವರು ರಗ್ಬಿ ಆಡಲು ಸಿಡ್ನಿಗೆ ಬಂದು, ಕಟ್ಟಡ ಕೂಲಿಯಾದರು. 1968ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಕಟ್ಟಡ ಕಾರ್ಮಿಕರ ಸಂಘದ ಕಾರ್ಯದರ್ಶಿಯಾದರು. ಮೊದಲ ಹೋರಾಟಗಳು ಕೂಲಿಗಾಗಿ, ಕೆಲಸದ ಸ್ಥಳದ ಸುರಕ್ಷತೆಗಾಗಿ.

1971ರಲ್ಲಿ ಹಂಟರ್ಸ್ ಹಿಲ್ ಬಡಾವಣೆಯ 13 ಮಹಿಳೆಯರು ಸಂಘದ ಸಹಾಯ ಕೋರಿದರು. ನದೀತೀರದ ಕೆಲ್ಲೀಸ್ ಬುಷ್ ಎಂಬ ಕುರುಚಲು ಕಾಡಿನಲ್ಲಿ ಜೆನ್ನಿಂಗ್ಸ್ ಕಂಪನಿ ಸಿರಿವಂತರ ಮನೆಗಳನ್ನು ಕಟ್ಟಲಿತ್ತು. ಮನವಿಗಳೆಲ್ಲ ವ್ಯರ್ಥವಾಗಿದ್ದವು. ಅನುಕೂಲಸ್ಥ ಮನೆತನದ ಗೃಹಿಣಿಯರು ಒಂದೆಡೆ, ಕಮ್ಯುನಿಸ್ಟ್ ಮುಖಂಡರು ಇನ್ನೊಂದೆಡೆ. ವಿಚಿತ್ರ ಜೋಡಿಯೇ ಸರಿ. ಊರಿನವರ ಸಾರ್ವಜನಿಕ ಸಭೆ ಕೋರಿದರೆ ಮಾತ್ರ ಕೆಲಸ ನಿಲ್ಲಿಸುತ್ತೇವೆ ಎಂದಿತು ಸಂಘ. ಸಭೆಗೆ ಸುಮಾರು 600 ಜನ ಸೇರಿದರು. ಕಂಪನಿ ಸಂಘದ ಹೊರಗಿನ ಕೂಲಿಗಳನ್ನು ತರುವುದಾಗಿ ಹೇಳಿದಾಗ, ಅದರದೇ ಇನ್ನೊಂದು ಕಟ್ಟಡದ ಕೆಲಸಗಾರರು ನಿರ್ಣಯ ಮಾಡಿದರು: ಅಲ್ಲಿ ಒಂದು ಮರ ಉರುಳಿದರೂ ಇಲ್ಲಿಯ ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ. ಕಂಪನಿ ಹಿಂದೆ ಸರಿಯಿತು.

ಹೀಗೆ ಮೊದಲಾದ 'ಹಸಿರು ನಿಷೇಧ'ಗಳು 1974ರ ವೇಳೆಗೆ ನಲವತ್ತನ್ನು ದಾಟಿದವು. ರಾಕ್ಸ್ ಎಂಬ ಹಳೆಯ ಪೇಟೆಯೂ ಅಲ್ಲಿಯ ಬಡ ಬಾಡಿಗೆದಾರರೂ ಹಾಗೆಯೇ ಉಳಿದದ್ದು. ತನ್ನ ದುಡಿಮೆಯಿಂದ ಏನಾಗಬೇಕೆಂಬುದನ್ನು ನಿರ್ಧರಿಸುವ ಹಕ್ಕೂ ಕಾರ್ಮಿಕನದೇ ಎಂಬುದು ಮಂಡಿಯವರ ನಿಲುವು. ಕೆಲಸ ನಿಂತರೆ ಕೂಲಿಯೂ ನಿಲ್ಲುತ್ತದೆಂಬುದು ತಿಳಿದೇ ಸದಸ್ಯರು ಕೈ ಎತ್ತಿದ್ದರು.

ನನಗೆ ಇನ್ನೂ ದೊಡ್ಡದಾಗಿ ಕಾಣುವುದು ಬೇರೆಯದು. ಪದಾಧಿಕಾರಿಗಳು ಗದ್ದುಗೆಗೆ ಅಂಟಿಕೊಳ್ಳಬಾರದೆಂಬ ನಿಯಮಕ್ಕೆ ಬದ್ಧರಾಗಿ ಅವರು 1973ರಲ್ಲಿ ಕಾರ್ಯದರ್ಶಿ ಸ್ಥಾನ ಬಿಟ್ಟು ಮತ್ತೆ ಕೂಲಿಗೆ ಹೋದರು. ನಮ್ಮ ಸಂಘಟನೆಗಳಲ್ಲಿ ಎಷ್ಟು ಮಂದಿ ಹೀಗೆ ಮಾಡಿಯಾರು?

ಬೆಲೆಯನ್ನೂ ತೆತ್ತರು. 1975ರಲ್ಲಿ ಸಂಘದ ರಾಷ್ಟ್ರೀಯ ನಾಯಕತ್ವವೇ ರಾಜ್ಯ ಶಾಖೆಯನ್ನು ವಶಪಡಿಸಿಕೊಂಡು ಮಂಡಿಯವರನ್ನೂ ಸಂಗಡಿಗರನ್ನೂ ಹೊರಹಾಕಿತು. ಆದರೆ 1983ರಲ್ಲಿ ರಾಜ್ಯ ಸರ್ಕಾರ ಕೆಲ್ಲೀಸ್ ಬುಷ್ ಅನ್ನು ಜನರಿಗಾಗಿ ಖರೀದಿಸುವುದಾಗಿ ಪ್ರಕಟಿಸಿತು. 2020ರ ಮೇ ತಿಂಗಳಿನಲ್ಲಿ ತೊಂಬತ್ತರ ವಯಸ್ಸಿನಲ್ಲಿ ಮಂಡಿ ತೀರಿಕೊಂಡಾಗ ಆ ಕಾಡು ಅಲ್ಲಿಯೇ ಇತ್ತು.